ಎಂಜಿನಿಯರಿಂಗ್ ಮೊದಲ ವರ್ಷ: ಬದಲಾಗುವುದು ಏನು?

ದ್ವಿತೀಯ ಪಿಯುಸಿ ಮುಗಿಸಿ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆದವರಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು. ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಎಂದರೆ ಒಂದು ಪ್ರಶ್ನೆಗೆ ಸಿಗುವುದು 80 ಸೆಕೆಂಡು. ಕೊಟ್ಟಿರುವ ನಾಲ್ಕು ಉತ್ತರಗಳಲ್ಲಿ ಒಂದು ಸರಿ ಎಂಬುದು ಮೊದಲೇ ಖಚಿತ. ಲೆಕ್ಕಕ್ಕೆ ಬೇಕಾದ ಬೆಲೆಗಳೆಲ್ಲ ಪ್ರಶ್ನೆಯಲ್ಲೇ ಇರುತ್ತವೆ. ಬೇಡದ್ದು ಸಾಮಾನ್ಯವಾಗಿ ಇರುವುದಿಲ್ಲ. ಸರಿಯಾದ ಸೂತ್ರ ನೆನಪಾದರೆ ಮುಗಿಯಿತು.

ಕೆಲವೇ ತಿಂಗಳ ನಂತರ ಅದೇ ವಿದ್ಯಾರ್ಥಿ ಎಂಜಿನಿಯರಿಂಗ್ ಕಾಲೇಜಿನ ತರಗತಿಯಲ್ಲಿ ಕುಳಿತಿರುತ್ತಾನೆ ಅಥವಾ ಕುಳಿತಿರುತ್ತಾಳೆ. ಒಂದು ಸಮಸ್ಯೆಗೆ ಎರಡು ಪುಟ ಹಿಡಿಯುತ್ತದೆ. ಮೊದಲ ಪುಟದಲ್ಲಿ ಸೂತ್ರವೇ ಕಾಣಿಸುವುದಿಲ್ಲ. ಅಲ್ಲಿ ಒಂದು ಚಿತ್ರ, ಕೆಲವು ಬಾಣಗಳು, 'ಇದನ್ನು ಇಷ್ಟೆಂದು ಭಾವಿಸೋಣ', 'ಇದನ್ನು ಕೈಬಿಡೋಣ' ಎಂಬ ಮಾತುಗಳು ಇರುತ್ತವೆ. ಭಾವಿಸುವುದು ಏಕೆ, ಕೈಬಿಡುವುದು ಹೇಗೆ ಎಂದು ಯಾರೂ ಬಿಡಿಸಿ ಹೇಳದಿದ್ದರೆ ಇಡೀ ವರ್ಷ ಒಂದು ಒಗಟಾಗಿಯೇ ಉಳಿಯುತ್ತದೆ. ಶಾಲೆಗೆ ಮೊದಲಿಗರಾಗಿ ಬಂದವರು ಮೊದಲ ಆಂತರಿಕ ಪರೀಕ್ಷೆಯ ಅಂಕ ನೋಡಿ, 'ಇದು ನನಗೆ ಹೇಳಿಸಿದ್ದಲ್ಲ' ಎಂದು ತೀರ್ಮಾನಿಸಿಬಿಡುವುದುಂಟು. ಬಹಳ ಸಂದರ್ಭಗಳಲ್ಲಿ ಈ ತೀರ್ಮಾನ ತಪ್ಪು. ಅವರಲ್ಲಿ ಬುದ್ಧಿಯ ಕೊರತೆ ಇರುವುದಿಲ್ಲ. ಆಟದ ನಿಯಮ ಬದಲಾದದ್ದು ಅವರಿಗೆ ತಿಳಿದಿರುವುದಿಲ್ಲ, ಅಷ್ಟೆ. ಆ ನಿಯಮಗಳು ಯಾವುವು ಎಂದು ನೋಡೋಣ.

ಮೊದಲ ವರ್ಷದಲ್ಲಿ ಏನಿರುತ್ತದೆ?

ಕರ್ನಾಟಕದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು 1998ರಲ್ಲಿ ಸ್ಥಾಪನೆಯಾದ, ಬೆಳಗಾವಿಯಲ್ಲಿ ಕೇಂದ್ರ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಇಲ್ಲಿ ಮೊದಲ ವರ್ಷವನ್ನು 'ಫಿಸಿಕ್ಸ್ ಸೈಕಲ್', 'ಕೆಮಿಸ್ಟ್ರಿ ಸೈಕಲ್' ಎಂದು ಎರಡು ಭಾಗ ಮಾಡುವ ರೂಢಿ ಬಹುಕಾಲದ್ದು. ಮೊದಲ ಸೆಮಿಸ್ಟರಿನಲ್ಲಿ ಅರ್ಧ ವಿದ್ಯಾರ್ಥಿಗಳು ಒಂದು ಗುಂಪಿನ ವಿಷಯ ಓದುತ್ತಾರೆ, ಉಳಿದವರು ಇನ್ನೊಂದು ಗುಂಪಿನದು. ಎರಡನೆಯ ಸೆಮಿಸ್ಟರಿನಲ್ಲಿ ಅದಲು ಬದಲು. ಪ್ರಯೋಗಾಲಯ ಮತ್ತು ಅಧ್ಯಾಪಕರು ಎಲ್ಲರಿಗೂ ಒಟ್ಟಿಗೇ ಬೇಕಾಗದಂತೆ ಮಾಡಿಕೊಂಡ ಜಾಣ ಏರ್ಪಾಡು ಇದು. ಗಣಿತ ಮಾತ್ರ ಎರಡೂ ಕಡೆ ಇರುತ್ತದೆ. ಅದರಿಂದ ಯಾರಿಗೂ ಬಿಡುಗಡೆ ಇಲ್ಲ.

ಪಠ್ಯಯೋಜನೆ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. 2015, 2018, 2022 ಹೀಗೆ ಯೋಜನೆಗಳನ್ನು ಆಯಾ ವರ್ಷದ ಹೆಸರಿನಿಂದಲೇ ಕರೆಯುವುದು ವಾಡಿಕೆ. 2022ರ ಯೋಜನೆಯಲ್ಲಿ ಶಾಖೆಗಳನ್ನು ಗುಂಪುಗಳಾಗಿ ಮಾಡಿ, ಭೌತವಿಜ್ಞಾನ, ರಸಾಯನವಿಜ್ಞಾನಗಳ ಪಾಠವನ್ನು ಆಯಾ ಗುಂಪಿಗೆ ಹೊಂದಿಸಲಾಯಿತು. ಅದಕ್ಕೂ ಹಿಂದೆ, ಕಂಪ್ಯೂಟರ್ ಸೈನ್ಸ್ ಸೇರಿದವರೂ ತೊಲೆಯ ಮೇಲಿನ ಬಲ ಲೆಕ್ಕ ಹಾಕಬೇಕಿತ್ತು, ಸಿವಿಲ್ ಸೇರಿದವರೂ ಡಯೋಡಿನ ಗುಣ ಕಲಿಯಬೇಕಿತ್ತು. 'ಸಾಫ್ಟ್‌ವೇರ್ ಬರೆಯುವವನಿಗೆ ತೊಲೆ ಏಕೆ?' ಎಂಬ ಗೊಣಗಾಟ ಆಗಲೂ ಇತ್ತು, ಈಗಲೂ ಪೂರ್ತಿ ನಿಂತಿಲ್ಲ. ನನ್ನ ದೃಷ್ಟಿಯಲ್ಲಿ ತೊಲೆ ಇಲ್ಲಿ ಒಂದು ನೆಪ. ಒಂದು ವಸ್ತುವನ್ನು ಸುತ್ತಲಿನ ಜಗತ್ತಿನಿಂದ ಬಿಡಿಸಿ ನೋಡುವ ಅಭ್ಯಾಸವನ್ನು ಇಷ್ಟು ಅಗ್ಗದಲ್ಲಿ ಕಲಿಸುವ ಬೇರೆ ಪಾಠ ಇಲ್ಲ.

ಏಣಿಯೊಂದನ್ನು ಬಿಡಿಸಿ ನೋಡುವುದು

ಗೋಡೆಗೆ ಒರಗಿಸಿದ ಏಣಿಯನ್ನು ತೆಗೆದುಕೊಳ್ಳಿ. ಒಬ್ಬರು ಹತ್ತುತ್ತಿದ್ದಾರೆ. ಕೆಳಗೆ ಇನ್ನೊಬ್ಬರು ಬುಡ ಹಿಡಿದು ನಿಂತಿದ್ದಾರೆ. ಹಿಡಿದುಕೊಳ್ಳುವುದು ಏಕೆ? ಹತ್ತುವವರು ಮೇಲೆ ಹೋದಷ್ಟೂ ಏಣಿ ಜಾರುವ ಸಂಭವ ಹೆಚ್ಚು ಎಂಬುದು ತೆಂಗಿನಕಾಯಿ ಕೀಳುವವರಿಗೂ, ಸುಣ್ಣ ಬಳಿಯುವವರಿಗೂ ಅನುಭವದಿಂದ ಗೊತ್ತು. ಇದನ್ನು ಲೆಕ್ಕದಿಂದ ತೋರಿಸಬಹುದೇ?

ಏಣಿಯನ್ನು ಮಾತ್ರ ಹಾಳೆಯ ಮೇಲೆ ಬರೆಯಿರಿ. ಗೋಡೆ ಬೇಡ, ನೆಲ ಬೇಡ, ಮನುಷ್ಯ ಬೇಡ. ಅವುಗಳ ಬದಲು ಅವು ಏಣಿಯ ಮೇಲೆ ಹಾಕುವ ಬಲಗಳನ್ನು ಬಾಣಗಳಾಗಿ ತೋರಿಸಿ. ಗೋಡೆ ಏಣಿಯನ್ನು ಹೊರಕ್ಕೆ ದೂಡುತ್ತದೆ. ನೆಲ ಮೇಲಕ್ಕೆ ದೂಡುತ್ತದೆ. ನೆಲದ ಘರ್ಷಣೆ ಏಣಿಯ ಬುಡವನ್ನು ಗೋಡೆಯ ಕಡೆಗೆ ತಡೆದು ಹಿಡಿಯುತ್ತದೆ. ಮನುಷ್ಯನ ತೂಕ ಕೆಳಕ್ಕೆ ಎಳೆಯುತ್ತದೆ. ಈ ಚಿತ್ರಕ್ಕೆ ಫ್ರೀ ಬಾಡಿ ಡಯಾಗ್ರಾಂ, ಎಂದರೆ ಮುಕ್ತಕಾಯ ಚಿತ್ರ ಎಂದು ಹೆಸರು. ಮೊದಲ ವರ್ಷದಲ್ಲಿ ಕಲಿಯುವ ಒಂದೇ ಒಂದು ವಿಷಯವನ್ನು ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಈಗ ಕೈಬಿಡುವ ಕೆಲಸ. ಏಣಿಯ ಸ್ವಂತ ತೂಕವನ್ನು ಸದ್ಯಕ್ಕೆ ಬಿಡೋಣ. ಏಣಿ ಸ್ವಲ್ಪ ಬಾಗುತ್ತದೆ, ಅದನ್ನೂ ಬಿಡೋಣ. ಗೋಡೆ ನಯವಾಗಿದೆ, ಅಲ್ಲಿ ಘರ್ಷಣೆ ಇಲ್ಲ ಎನ್ನೋಣ. ನೆಲದ ಘರ್ಷಣೆಯನ್ನೂ ಬಿಡೋಣವೇ? ಬಿಟ್ಟರೆ ಗೋಡೆ ದೂಡುವ ಬಲವನ್ನು ತಡೆಯಲು ಏನೂ ಉಳಿಯುವುದಿಲ್ಲ. ಏಣಿ ನಿಲ್ಲುವುದೇ ಇಲ್ಲ. ಹೀಗಾಗಿ ಅದನ್ನು ಬಿಡುವಂತಿಲ್ಲ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಪ್ರಶ್ನೆಗೆ ಪುಸ್ತಕದ ಕೊನೆಯಲ್ಲಿ ಉತ್ತರ ಇರುವುದಿಲ್ಲ. ಬಿಟ್ಟು ನೋಡಿ, ಫಲಿತಾಂಶ ಅನುಭವಕ್ಕೆ ಒಪ್ಪುತ್ತದೆಯೇ ಎಂದು ಪರೀಕ್ಷಿಸಬೇಕು.

ಏಣಿ 5 ಮೀಟರ್ ಉದ್ದ, ಬುಡ ಗೋಡೆಯಿಂದ 3 ಮೀಟರ್ ದೂರ ಎಂದುಕೊಳ್ಳಿ. ಆಗ ತುದಿ 4 ಮೀಟರ್ ಎತ್ತರದಲ್ಲಿರುತ್ತದೆ. ಹತ್ತುವವರ ತೂಕ ಸುಮಾರು 600 ನ್ಯೂಟನ್. ಅವರು ತುದಿಯಲ್ಲಿದ್ದಾಗ, ಬುಡದ ಸುತ್ತ ತಿರುಗಿಸುವ ಪರಿಣಾಮಗಳನ್ನು ಸಮ ಮಾಡಿದರೆ ಗೋಡೆಯ ಬಲ 600 × 3 ÷ 4, ಎಂದರೆ 450 ನ್ಯೂಟನ್. ನೆಲದ ಘರ್ಷಣೆಯೂ ಅಷ್ಟೇ ಇರಬೇಕು. ಏಣಿಯ ನಡುವಿನಲ್ಲಿ ನಿಂತಾಗ ಬೇಕಾಗುವುದು ಅದರ ಅರ್ಧ, 225 ನ್ಯೂಟನ್. ಮೇಲೆ ಹೋದಷ್ಟೂ ಜಾರುವ ಭಯ ಹೆಚ್ಚು ಎಂಬ ಅನುಭವದ ಮಾತು ಇಲ್ಲಿ ಅಂಕಿಯಾಗಿ ಬಂತು. ಇನ್ನು ಬುಡವನ್ನು ಗೋಡೆಯ ಹತ್ತಿರ, 1.4 ಮೀಟರಿಗೆ ತನ್ನಿ. ತುದಿ 4.8 ಮೀಟರಿಗೆ ಏರುತ್ತದೆ. ತುದಿಯಲ್ಲಿ ನಿಂತರೂ ಬೇಕಾಗುವ ಘರ್ಷಣೆ 175 ನ್ಯೂಟನ್ ಮಾತ್ರ. ಮೊದಲ ಸ್ಥಿತಿಗೆ ಘರ್ಷಣಾಂಕ 0.75 ಬೇಕಿತ್ತು, ಈಗ 0.3ಕ್ಕೂ ಕಡಿಮೆ ಸಾಕು. ನಯವಾದ ಟೈಲ್ಸ್ ನೆಲದ ಮೇಲೆ ಮೊದಲಿನಂತೆ ಏಣಿ ಇಟ್ಟು ಹತ್ತುವುದು ಅಪಾಯ ಎಂದು ಹೇಳಲು ಇಷ್ಟು ಸಾಕಲ್ಲವೇ?

ಇಷ್ಟು ಮಾಡಲು ಪಿಯುಸಿಯ ಭೌತವಿಜ್ಞಾನಕ್ಕಿಂತ ಒಂದು ಸೂತ್ರವೂ ಹೆಚ್ಚು ಬೇಕಾಗಲಿಲ್ಲ ಎಂಬುದನ್ನು ಗಮನಿಸಿ.

ಒಂದು ನಟ್ಟಿನ ಕಥೆ

ಮುಕ್ತಕಾಯ ಚಿತ್ರ ಬರೆಯದೆ ಹೋದರೆ ಏನಾಗುತ್ತದೆ? ಪರೀಕ್ಷೆಯಲ್ಲಿ ನಾಲ್ಕು ಅಂಕ ಹೋಗುತ್ತದೆ. ಕಾಲೇಜಿನ ಹೊರಗೆ ಹೋಗುವುದು ಬೇರೆ.

ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್ 1980ರಲ್ಲಿ ಆರಂಭವಾಯಿತು. ಅದರ ವಿಶಾಲ ಹಜಾರದ ಮೇಲೆ ಗಾಳಿಯಲ್ಲಿ ತೂಗುವಂತೆ ನಡೆದಾಡುವ ಸೇತುವೆಗಳಿದ್ದವು. ನಾಲ್ಕನೆಯ ಮಹಡಿಯ ಸೇತುವೆಯ ನೇರ ಕೆಳಗೆ ಎರಡನೆಯ ಮಹಡಿಯ ಸೇತುವೆ. ಎರಡನ್ನೂ ಚಾವಣಿಯಿಂದ ಇಳಿಬಿಟ್ಟ ಉಕ್ಕಿನ ಸರಳುಗಳು ಹೊರಬೇಕಿತ್ತು. ಮೂಲ ನಕ್ಷೆಯಲ್ಲಿ ಪ್ರತಿ ಜಾಗದಲ್ಲಿ ಒಂದೇ ಉದ್ದ ಸರಳು ಚಾವಣಿಯಿಂದ ಇಳಿದು, ಮೇಲಿನ ಸೇತುವೆಯ ತೊಲೆಯ ಮೂಲಕ ಹಾದು, ಕೆಳಗಿನ ಸೇತುವೆಯವರೆಗೆ ಹೋಗುತ್ತಿತ್ತು. ಪ್ರತಿ ತೊಲೆಯ ಅಡಿಯಲ್ಲಿ ಒಂದು ನಟ್ಟು. ಆದರೆ ಮೇಲಿನ ನಟ್ಟನ್ನು ಅದರ ಜಾಗಕ್ಕೆ ಏರಿಸಬೇಕಾದರೆ ಅಷ್ಟುದ್ದದ ಸರಳಿಗೂ ಮರೆ ಕೊರೆಯಬೇಕು. ಅದು ತೊಡಕಿನ ಕೆಲಸ. ಹೀಗಾಗಿ ಒಂದು ಬದಲಾವಣೆ ಸೂಚಿಸಲಾಯಿತು: ಒಂದು ಉದ್ದ ಸರಳಿನ ಬದಲು ಎರಡು ಗಿಡ್ಡ ಸರಳು. ಮೊದಲನೆಯದು ಚಾವಣಿಯಿಂದ ಮೇಲಿನ ತೊಲೆಗೆ. ಎರಡನೆಯದು ಮೇಲಿನ ತೊಲೆಯಿಂದ ಕೆಳಗಿನ ತೊಲೆಗೆ. ನೋಡಲು ಎರಡೂ ಒಂದೇ. ಬದಲಾವಣೆಗೆ ಒಪ್ಪಿಗೆಯೂ ಸಿಕ್ಕಿತು.

ಒಂದೇ ಏನು? ಇಬ್ಬರು ಒಂದು ಹಗ್ಗಕ್ಕೆ ಜೋತುಬಿದ್ದಿದ್ದಾರೆ ಎಂದುಕೊಳ್ಳಿ. ಇಬ್ಬರೂ ಹಗ್ಗವನ್ನೇ ಹಿಡಿದಿದ್ದರೆ ಮೇಲಿನವನ ಕೈ ಅವನ ತೂಕವನ್ನಷ್ಟೇ ಹೊರುತ್ತದೆ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದುಕೊಂಡರೆ? ಹಗ್ಗದ ಮೇಲಿನ ಒಟ್ಟು ಭಾರ ಬದಲಾಗಲಿಲ್ಲ. ಮೇಲಿನವನ ಕೈ ಮೇಲಿನ ಭಾರ ಎರಡು ಪಟ್ಟಾಯಿತು. ಹಯಾತ್ ಹೋಟೆಲಿನಲ್ಲಿ ಆ ಕೈಯ ಜಾಗದಲ್ಲಿದ್ದದ್ದು ಮೇಲಿನ ತೊಲೆಯ ಅಡಿಯ ನಟ್ಟು ಮತ್ತು ಅದು ಒತ್ತಿ ನಿಂತಿದ್ದ ತೊಲೆಯ ತೆಳುವಾದ ಉಕ್ಕು.

1981ರ ಜುಲೈ 17ರ ಸಂಜೆ ಹಜಾರದಲ್ಲಿ ನೃತ್ಯ ಕಾರ್ಯಕ್ರಮವಿತ್ತು. ಸೇತುವೆಗಳ ಮೇಲೂ ಜನ ನಿಂತಿದ್ದರು. ಮೇಲಿನ ತೊಲೆಯನ್ನು ನಟ್ಟು ಸೀಳಿಕೊಂಡು ಹೊರಬಂತು. ಎರಡೂ ಸೇತುವೆಗಳು ಒಂದರ ಮೇಲೊಂದು ಬಿದ್ದವು. 114 ಜನ ಸತ್ತರು, 200ಕ್ಕೂ ಹೆಚ್ಚು ಜನ ಗಾಯಗೊಂಡರು. ತನಿಖೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು: ಮೂಲ ವಿನ್ಯಾಸವೇ ನಗರದ ಕಟ್ಟಡ ನಿಯಮ ಕೇಳುವ ಭಾರದ ಸುಮಾರು ಶೇಕಡ 60ರಷ್ಟನ್ನು ಮಾತ್ರ ಹೊರಬಲ್ಲದಾಗಿತ್ತು. ಬದಲಾವಣೆ ಅದನ್ನೂ ಅರ್ಧಕ್ಕೆ ಇಳಿಸಿತು. ಹೊಣೆಗಾರ ಎಂಜಿನಿಯರುಗಳು ವೃತ್ತಿ ಪರವಾನಗಿ ಕಳೆದುಕೊಂಡರು.

ಆ ನಟ್ಟನ್ನು ಮಾತ್ರ ಬಿಡಿಸಿ, ಮೇಲಿನ ಬಾಣ ಎಷ್ಟು, ಕೆಳಗಿನ ಬಾಣ ಎಷ್ಟು ಎಂದು ಒಂದು ಚಿತ್ರ ಬರೆದಿದ್ದರೆ ಇದು ಐದು ನಿಮಿಷದಲ್ಲಿ ಕಾಣುತ್ತಿತ್ತು. ಉನ್ನತ ಗಣಿತ ಬೇಕಿರಲಿಲ್ಲ. ಮೊದಲ ಸೆಮಿಸ್ಟರಿನ ಎರಡನೆಯ ವಾರದ ಪಾಠ ಸಾಕಿತ್ತು.

ಅಧ್ಯಾಪಕರು ಇದನ್ನು ಪ್ರೌಢಶಾಲೆಯ ತರಗತಿಯಲ್ಲೇ ಮಾಡಿ ತೋರಿಸಬಹುದು. ಬೇಕಾದದ್ದು ಒಂದು ಸ್ಪ್ರಿಂಗ್ ತಕ್ಕಡಿ, ದಾರ, ಸುಮಾರು ಅರ್ಧ ಕಿಲೋ ತೂಗುವ ಎರಡು ಕಲ್ಲು. ಮೊಳೆಗೆ ಉದ್ದ ದಾರ ಕಟ್ಟಿ. ದಾರದ ನಡುವೆ ಒಂದು ಗಂಟು ಹಾಕಿ, ಆ ಗಂಟಿಗೆ ತಕ್ಕಡಿಯನ್ನು ಸಿಕ್ಕಿಸಿ, ತಕ್ಕಡಿಯ ಕೊಕ್ಕೆಗೆ ಮೊದಲ ಕಲ್ಲು ತೂಗುಹಾಕಿ. ಎರಡನೆಯ ಕಲ್ಲನ್ನು ದಾರದ ಕೆಳತುದಿಗೆ ಕಟ್ಟಿ. ತಕ್ಕಡಿ ಅರ್ಧ ಕಿಲೋ ತೋರಿಸುತ್ತದೆ. ಈಗ ಎರಡನೆಯ ಕಲ್ಲನ್ನು ದಾರದಿಂದ ಬಿಚ್ಚಿ ಮೊದಲ ಕಲ್ಲಿಗೇ ಕಟ್ಟಿ. ಮೊಳೆಯ ಮೇಲಿನ ಭಾರ ಮೊದಲಿನಷ್ಟೇ ಇದೆ. ತಕ್ಕಡಿ ಮಾತ್ರ ಒಂದು ಕಿಲೋ ತೋರಿಸುತ್ತದೆ. ತಕ್ಕಡಿ ನೋಡುವ ಮೊದಲು ಎಷ್ಟು ತೋರಿಸಬಹುದೆಂದು ವಿದ್ಯಾರ್ಥಿಗಳಿಂದ ಬರೆಸಿಕೊಳ್ಳುವುದನ್ನು ಮರೆಯಬೇಡಿ. ತಪ್ಪು ಉತ್ತರ ಬರೆದವರೇ ಇದನ್ನು ಹೆಚ್ಚು ಕಾಲ ನೆನಪಿಡುತ್ತಾರೆ.

ಅಂದಾಜು, ಏಕಮಾನ

ಕ್ಯಾಲ್ಕುಲೇಟರು ಹತ್ತು ಅಂಕಿ ತೋರಿಸುತ್ತದೆ. ಹತ್ತನ್ನೂ ಉತ್ತರ ಪತ್ರಿಕೆಗೆ ಇಳಿಸುವುದು ಹೊಸ ವಿದ್ಯಾರ್ಥಿಗಳ ಸಾಮಾನ್ಯ ಲಕ್ಷಣ. 12 ಮಿಲಿಮೀಟರ್ ವ್ಯಾಸದ ಉಕ್ಕಿನ ಸರಳಿಗೆ ಸುಮಾರು ಒಂದು ಟನ್, ಎಂದರೆ 10,000 ನ್ಯೂಟನ್ ಭಾರ ತೂಗುಹಾಕಿದೆವು ಎನ್ನಿ. ಸರಳಿನ ಕೊಯ್ತದ ವಿಸ್ತೀರ್ಣ 113 ಚದರ ಮಿಲಿಮೀಟರ್. ಭಾಗಿಸಿದರೆ ಸ್ಟ್ರೆಸ್, ಎಂದರೆ ಪೀಡನ, 88 ನ್ಯೂಟನ್ ಪ್ರತಿ ಚದರ ಮಿಲಿಮೀಟರಿಗೆ. 'ಸುಮಾರು ಒಂದು ಟನ್' ಎಂದು ಆರಂಭಿಸಿದ ಮೇಲೆ 88.41941283 ಎಂದು ಬರೆಯುವುದಕ್ಕೆ ಅರ್ಥವೇ ಇಲ್ಲ. 3 ಮೀಟರ್ ಉದ್ದದ ಆ ಸರಳು ಈ ಭಾರಕ್ಕೆ ಎಷ್ಟು ಹಿಗ್ಗುತ್ತದೆ? ಸುಮಾರು 1.3 ಮಿಲಿಮೀಟರ್. ನಿಮ್ಮ ಲೆಕ್ಕದಲ್ಲಿ 1.3 ಮೀಟರ್ ಎಂದು ಬಂದರೆ ಎಲ್ಲೋ ಸೊನ್ನೆಗಳು ಜಾರಿವೆ ಎಂದು ಕೂಡಲೇ ಹೊಳೆಯಬೇಕು. ಹಾಗೆ ಹೊಳೆಯಲು ಉಕ್ಕಿನ ಸರಳನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ಬಗ್ಗಿಸಲು ನೋಡಿರಬೇಕು. ಕಾರ್ಯಾಗಾರದಲ್ಲಿ ಅರ ಹಿಡಿದು ಕಬ್ಬಿಣ ಉಜ್ಜುವುದು ವ್ಯರ್ಥ ಶ್ರಮ ಎನ್ನುವವರು ಇದನ್ನು ಯೋಚಿಸಬೇಕು.

ಅಂದಾಜು ಎಂದರೆ ಊಹೆ ಹೊಡೆಯುವುದಲ್ಲ. ಬೆಂಗಳೂರಿನಲ್ಲಿ 1000 ಚದರ ಅಡಿ ಚಾವಣಿಯ ಮನೆ ಇದೆ. ಮಳೆನೀರು ಹಿಡಿದರೆ ಎಷ್ಟು ಸಿಗುತ್ತದೆ? ಚಾವಣಿ ಸುಮಾರು 93 ಚದರ ಮೀಟರ್. ವರ್ಷದ ಮಳೆ ಸುಮಾರು 970 ಮಿಲಿಮೀಟರ್, ಎಂದರೆ 0.97 ಮೀಟರ್. ಗುಣಿಸಿದರೆ 90 ಘನ ಮೀಟರ್, ಎಂದರೆ 90,000 ಲೀಟರ್. ಚೆಲ್ಲಿ, ಆವಿಯಾಗಿ, ಮೊದಲ ಕೊಳೆ ನೀರು ಹೊರಬಿಟ್ಟು ಐದನೆಯ ಒಂದು ಭಾಗ ಹೋದರೆ ಉಳಿಯುವುದು 72,000 ಲೀಟರ್. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡ ಹಿಡಿದರೆ ನಾಲ್ವರ ಮನೆಗೆ 540 ಲೀಟರ್. ಹಾಗಾದರೆ ಸುಮಾರು 133 ದಿನ, ನಾಲ್ಕು ತಿಂಗಳಿಗೂ ಹೆಚ್ಚು ಕಾಲದ ನೀರು. ಇಲ್ಲಿಗೆ ಪಿಯುಸಿಯ ಲೆಕ್ಕ ಮುಗಿಯಿತು. ಎಂಜಿನಿಯರಿಂಗ್ ಪ್ರಶ್ನೆ ಈಗ ಹುಟ್ಟುತ್ತದೆ. ತೊಟ್ಟಿ ಎಷ್ಟು ದೊಡ್ಡದಿರಬೇಕು? 72,000 ಲೀಟರ್ ತೊಟ್ಟಿ ಕಟ್ಟುವವರು ಯಾರೂ ಇಲ್ಲ. ಮಳೆ ಬೀಳುವ ದಿನಗಳ ನಡುವಿನ ಅಂತರ ಎಷ್ಟು, ಜಾಗ ಎಷ್ಟು, ಕೈಯಲ್ಲಿರುವ ಹಣ ಎಷ್ಟು ಎಂದು ಕೇಳಬೇಕಾಗುತ್ತದೆ. ಒಂದೇ ಸರಿ ಉತ್ತರ ಇರುವುದಿಲ್ಲ.

ಏಕಮಾನದ ಬಗ್ಗೆ ಒಂದೇ ಮಾತು. ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರಿನಲ್ಲಿ ಮಂಗಳ ಗ್ರಹವನ್ನು ತಲುಪುವಾಗಲೇ ಕಳೆದುಹೋಯಿತು. ನೂಕುಬಲದ ಲೆಕ್ಕವನ್ನು ಒಂದು ತಂಡದ ತಂತ್ರಾಂಶ ಪೌಂಡ್ ಏಕಮಾನದಲ್ಲಿ ಕೊಟ್ಟಿತ್ತು. ಇನ್ನೊಂದು ತಂಡ ಅದನ್ನು ನ್ಯೂಟನ್ ಎಂದು ಓದಿಕೊಂಡಿತ್ತು. ವ್ಯತ್ಯಾಸ ಸುಮಾರು 4.45 ಪಟ್ಟು. ಉತ್ತರದ ಮುಂದೆ ಏಕಮಾನ ಬರೆಯದಿದ್ದರೆ ಅರ್ಧ ಅಂಕ ಕಳೆಯುವ ಅಧ್ಯಾಪಕರ ಮೇಲೆ ಸಿಟ್ಟು ಬಂದಾಗ ಇದನ್ನು ನೆನೆಯಿರಿ.

ಮೂರು ಆಯಾಮ, ಎರಡು ಆಯಾಮದ ಹಾಳೆ

ಎಂಜಿನಿಯರಿಂಗ್ ಡ್ರಾಯಿಂಗ್ ಅನೇಕರಿಗೆ ಮೊದಲ ವರ್ಷದ ದುಃಸ್ವಪ್ನ. ಪಿಯುಸಿಯಲ್ಲಿ ಇದರ ಗಂಧವೂ ಇರುವುದಿಲ್ಲ. ಆದ್ದರಿಂದ ಇಲ್ಲಿ ಹಳ್ಳಿ, ಪಟ್ಟಣ, ಕನ್ನಡ, ಇಂಗ್ಲಿಷ್ ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಗೆರೆಯಲ್ಲಿ ನಿಲ್ಲುತ್ತಾರೆ. ವಿಷಯದ ಮೂಲ ಫ್ರಾನ್ಸಿನ ಗಣಿತಜ್ಞ ಗ್ಯಾಸ್ಪಾರ್ ಮಾಂಜ್. ಕೋಟೆಗಳ ವಿನ್ಯಾಸಕ್ಕೆಂದು 18ನೆಯ ಶತಮಾನದಲ್ಲಿ ಆತ ರೂಪಿಸಿದ ಈ ವಿಧಾನವನ್ನು ಸೈನ್ಯ ಬಹುಕಾಲ ಗುಟ್ಟಾಗಿ ಇಟ್ಟಿತ್ತು. ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದ ಚಿತ್ರಗಳನ್ನು ಒಂದೇ ಹಾಳೆಯಲ್ಲಿ ನಿಯಮಬದ್ಧವಾಗಿ ಜೋಡಿಸಿದರೆ, ವಸ್ತುವನ್ನು ನೋಡದವನೂ ಅದನ್ನು ತಯಾರಿಸಬಲ್ಲ.

ಜೋಡಿಸುವ ನಿಯಮಗಳು ಎರಡು. ನಮ್ಮ ದೇಶದಲ್ಲಿ ಬಳಸುವ ಮೊದಲ ಕೋನ ಪ್ರಕ್ಷೇಪಣೆಯಲ್ಲಿ ವಸ್ತು ಹಾಳೆಗೂ ನೋಡುವವರಿಗೂ ನಡುವೆ ಇರುತ್ತದೆ; ಮೇಲಿನಿಂದ ಕಂಡ ನೋಟ ಹಾಳೆಯಲ್ಲಿ ಮುಂದಿನ ನೋಟದ ಕೆಳಗೆ ಬರುತ್ತದೆ. ಅಮೆರಿಕದಲ್ಲಿ ರೂಢಿಯಲ್ಲಿರುವ ಮೂರನೆಯ ಕೋನದಲ್ಲಿ ಅದು ಮೇಲೆಯೇ ಬರುತ್ತದೆ. ಒಂದನ್ನು ಇನ್ನೊಂದೆಂದು ಓದಿದರೆ ತೂತು ಬೇರೆ ಕಡೆ ಕೊರೆಯಲ್ಪಡುತ್ತದೆ. ಈಗ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆಯುತ್ತಾರೆ. ಕಂಪ್ಯೂಟರು ಗೆರೆಯನ್ನು ನೇರವಾಗಿ ಎಳೆದುಕೊಡುತ್ತದೆ. ಯಾವ ಗೆರೆ ಎಳೆಯಬೇಕು ಎಂಬುದು ನಿಮ್ಮ ತಲೆಯಲ್ಲೇ ಮೂಡಬೇಕು. ಇದಕ್ಕೆ ಒಳ್ಳೆಯ ಸಾಧನ ಬಟ್ಟೆ ಒಗೆಯುವ ಸೋಪಿನ ಬಿಲ್ಲೆ. ಚಾಕುವಿನಿಂದ ಓರೆಯಾಗಿ ಕತ್ತರಿಸಿ, ಮೂಲೆ ತೆಗೆದು, ಮೇಜಿನ ಮೇಲಿಟ್ಟು ಮೂರು ಕಡೆಯಿಂದ ನೋಡಿ ಬರೆಯಿರಿ. ಹದಿನೈದು ದಿನದಲ್ಲಿ ಕಣ್ಣು ಪಳಗುತ್ತದೆ.

ಸೊನ್ನೆ ಕೊಡುವ ಪ್ರೋಗ್ರಾಂ

ಸಿ ಭಾಷೆಯ ಮೊದಲ ಪ್ರಯೋಗಗಳಲ್ಲಿ ಫ್ಯಾರನ್‌ಹೀಟ್ ಉಷ್ಣತೆಯನ್ನು ಸೆಲ್ಸಿಯಸ್‌ಗೆ ಬದಲಿಸುವುದೂ ಒಂದು. ಸೂತ್ರ ಎಲ್ಲರಿಗೂ ಗೊತ್ತು: 32 ಕಳೆದು 5/9ರಿಂದ ಗುಣಿಸುವುದು. ಪ್ರೋಗ್ರಾಮಿನಲ್ಲೂ 5/9 ಎಂದು ಮೊದಲು ಬರೆದು ಗುಣಿಸಿದರೆ ಯಾವ ಉಷ್ಣತೆ ಕೊಟ್ಟರೂ ಉತ್ತರ ಸೊನ್ನೆ! ಎರಡು ಪೂರ್ಣಾಂಕಗಳನ್ನು ಭಾಗಿಸಿದಾಗ ಸಿ ಭಾಷೆ ಭಿನ್ನರಾಶಿಯ ಭಾಗವನ್ನು ಎಸೆದುಬಿಡುತ್ತದೆ. 5ರಲ್ಲಿ 9 ಒಂದು ಸಲವೂ ಹೋಗದು, ಹಾಗಾಗಿ 0. 5.0/9 ಎಂದು ಬರೆದರೆ ಸರಿಹೋಗುತ್ತದೆ. ಕಂಪ್ಯೂಟರು ತಪ್ಪು ಮಾಡಲಿಲ್ಲ, ಹೇಳಿದ್ದನ್ನೇ ಮಾಡಿತು. ಪ್ರೋಗ್ರಾಂ ಬರೆದ ಮೇಲೆ ಗೊತ್ತಿರುವ ಉತ್ತರಗಳನ್ನು ಹಾಕಿ ನೋಡಬೇಕು: 212ಕ್ಕೆ 100 ಬರಬೇಕು, ಋಣ 40ಕ್ಕೆ ಋಣ 40 ಬರಬೇಕು. ಲ್ಯಾಬ್ ಮ್ಯಾನ್ಯುಯಲಿನಿಂದ ಸರಿಯಾದ ಪ್ರೋಗ್ರಾಮನ್ನು ನಕಲು ಮಾಡಿದವರಿಗೆ ಈ ಸೊನ್ನೆ ಎಂದೂ ಎದುರಾಗುವುದಿಲ್ಲ. ಅವರ ನಷ್ಟವೇ ಅದು.

ಕನ್ನಡದಲ್ಲಿ ಓದಿ ಬಂದವರಿಗೆ

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು, ಪಿಯುಸಿಯ ಎರಡು ವರ್ಷ ಇಂಗ್ಲಿಷಿನೊಡನೆ ಸೆಣಸಿ ಬಂದವರ ಕಷ್ಟ ಬೇರೆಯದೇ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅವಕಾಶ ಕೊಟ್ಟಿತು. ಆದರೂ ಹೆಚ್ಚಿನ ತರಗತಿಗಳು ನಡೆಯುವುದು ಇಂಗ್ಲಿಷಿನಲ್ಲೇ.

ಇಲ್ಲಿ ಎರಡು ಸಂಗತಿ ಬೇರೆ ಮಾಡಿಕೊಳ್ಳಬೇಕು. ಮಾತಾಡುವ ಇಂಗ್ಲಿಷ್ ಒಂದು, ಪಠ್ಯಪುಸ್ತಕದ ಇಂಗ್ಲಿಷ್ ಇನ್ನೊಂದು. ಎರಡನೆಯದು ಬಹಳ ಚಿಕ್ಕದು. ಅಸ್ಯೂಮ್, ನೆಗ್ಲೆಕ್ಟ್, ಕನ್ಸಿಡರ್, ರೆಸ್ಪೆಕ್ಟಿವ್ಲಿ, ಹೆನ್ಸ್ ಇಂಥ ಪದಗಳೇ ಪುಟಪುಟದಲ್ಲೂ ತಿರುಗಿ ಬರುತ್ತವೆ. ನಿಜವಾದ ತೊಡಕು ಗೊತ್ತಿರುವ ಪದಗಳದ್ದು. ಮೊಮೆಂಟ್ ಎಂದರೆ ಕ್ಷಣ ಎಂದು ಕಲಿತವರಿಗೆ ಮೆಕ್ಯಾನಿಕ್ಸಿನಲ್ಲಿ ಅದು ಬಲದ ತಿರುಗಿಸುವ ಪರಿಣಾಮ. ಕಪಲ್ ಎಂದರೆ ದಂಪತಿಯಲ್ಲ. ಸಮನಾದ, ವಿರುದ್ಧ ದಿಕ್ಕಿನ, ಬೇರೆ ಬೇರೆ ಗೆರೆಗಳಲ್ಲಿರುವ ಎರಡು ಬಲ. ನಲ್ಲಿ ತಿರುಗಿಸುವಾಗ ನಿಮ್ಮ ಬೆರಳುಗಳು ಹಾಕುವುದು ಅದನ್ನೇ. ಫಟೀಗ್ ಎಂದರೆ ಲೋಹದ ಆಯಾಸ: ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುವಾಗ ಆಗುವಂಥದ್ದು. ಒಂದು ನೋಟ್‌ಬುಕ್ ಇಟ್ಟು ಪದ, ಕನ್ನಡದಲ್ಲಿ ಒಂದು ಸಾಲಿನ ಅರ್ಥ, ಒಂದು ಪುಟ್ಟ ಚಿತ್ರ ಬರೆದುಕೊಳ್ಳಿ. ವಿಷಯವನ್ನು ಗೆಳೆಯರೊಡನೆ ಕನ್ನಡದಲ್ಲೇ ಚರ್ಚಿಸಿ. ಹಾಗೆ ಚರ್ಚಿಸಿ ಅರ್ಥಮಾಡಿಕೊಂಡದ್ದನ್ನು ಇಂಗ್ಲಿಷಿನಲ್ಲಿ ಬರೆಯುವುದು ಅಭ್ಯಾಸದ ಮಾತು. ತಿರುಗಾಮುರುಗಾ ಆಗದು. ಅರ್ಥವಾಗದೆ ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯ ಮೌಖಿಕ ಪರೀಕ್ಷೆಯ ಮೊದಲ ಪ್ರಶ್ನೆಗೇ ಕುಸಿಯುತ್ತದೆ. ಇನ್ನು ಮುಕ್ತಕಾಯ ಚಿತ್ರಕ್ಕೆ, ಸಮೀಕರಣಕ್ಕೆ, ಪ್ರಕ್ಷೇಪಣೆಗೆ ಭಾಷೆಯ ಹಂಗೇ ಕಡಿಮೆ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2018 ಮತ್ತು 2022ರ ಯೋಜನೆಗಳಲ್ಲಿ ಪ್ರತಿ ವಿಷಯಕ್ಕೆ ಐದು ಘಟಕ. ಪ್ರತಿ ಘಟಕದಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ. ಆಯ್ಕೆ ಘಟಕದ ಒಳಗೇ ಇರುವುದರಿಂದ ಒಂದು ಘಟಕವನ್ನು ಪೂರ್ತಿ ಬಿಟ್ಟರೆ ಐದನೆಯ ಒಂದು ಭಾಗ ಅಂಕ ಹೋದಂತೆಯೇ. ಉಳಿಸಿಕೊಂಡ ವಿಷಯ ಮುಂದಿನ ಸೆಮಿಸ್ಟರಿನ ಹೊರೆಯ ಮೇಲೆ ಬಂದು ಕೂರುತ್ತದೆ. ಗಣಿತದಲ್ಲಿ ಇದು ಹೆಚ್ಚು ಕಾಡುತ್ತದೆ, ಏಕೆಂದರೆ ಮುಂದಿನ ಪಾಠ ಹಿಂದಿನದರ ಮೇಲೆಯೇ ನಿಂತಿರುತ್ತದೆ. ಮೊದಲ ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆ ಕೈಗೆ ಬಂದಾಗ ಅಂಕ ನೋಡಿ ಮಡಿಸಿಡದೆ, ತಪ್ಪಿದ ಲೆಕ್ಕವನ್ನು ಎದುರಿಗಿಟ್ಟುಕೊಂಡು ಅಧ್ಯಾಪಕರ ಕೊಠಡಿಗೆ ಹೋಗಿ. ಹೀಗೆ ಬರುವವರು ಕಡಿಮೆ, ಬಂದವರನ್ನು ಹೆಚ್ಚಿನ ಅಧ್ಯಾಪಕರು ಮರೆಯುವುದಿಲ್ಲ.

ಪ್ರವೇಶ ಪರೀಕ್ಷೆ ಮುಗಿದ ಮೇಲೆ ಎಂಜಿನಿಯರಿಂಗ್ ತರಗತಿ ಆರಂಭವಾಗುವವರೆಗೆ ಕೆಲವು ವಾರ ಬಿಡುವು ಇರುತ್ತದೆ. ಪಿಯು ಉಪನ್ಯಾಸಕರು ಆ ಅವಧಿಗೆ ಕೊಡಬಹುದಾದ ಕೆಲಸ ಸರಳ. ಕಾಲೇಜಿನ ನೀರಿನ ತೊಟ್ಟಿಯನ್ನು ಬರಿಗಣ್ಣಿನಿಂದ ನೋಡಿ ಎಷ್ಟು ಲೀಟರ್ ಎಂದು ಬರೆಯಲಿ. ಆಮೇಲೆ ಟೇಪು ಹಿಡಿದು ಅಳೆಯಲಿ. ಒಂದು ಬೆಂಚನ್ನು ಮೂರು ನೋಟಗಳಲ್ಲಿ, 1:10 ಪ್ರಮಾಣದಲ್ಲಿ ಬರೆಯಲಿ. ಬರೆದದ್ದನ್ನು ಬೆಂಚು ನೋಡದ ಬಡಗಿಯೊಬ್ಬರಿಗೆ ತೋರಿಸಿ, ಇದರಿಂದ ಬೆಂಚು ಮಾಡಬಹುದೇ ಎಂದು ಕೇಳಲಿ. ಯಾವ ಅಳತೆ ಕೊಡಲು ಮರೆತಿದ್ದಾರೆ ಎಂಬುದನ್ನು ಬಡಗಿ ಒಂದು ನಿಮಿಷದಲ್ಲಿ ಹೇಳುತ್ತಾರೆ. ಸಾಮಾನ್ಯವಾಗಿ ಅದು ಹಲಗೆಯ ದಪ್ಪ.